ಕರೆಂಟಕ್ಕನ ಮನೆಯ ಐಸ್‌ಕ್ರೀಂ

ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವುದು ಅವಳ ಕೆಲಸ. ಹಾಗಾಗಿ ಬೀದಿಯವರ ಬಾಯಲ್ಲಿ ಅವಳು ಕರೆಂಟಕ್ಕ. ಕರೆಂಟು ಹೋದರೆ ಸಾಕು, ಅಕ್ಕಪಕ್ಕದವರು ಬಂದು ಬಾಗಿಲು ಬಡಿಯುತ್ತಿದ್ದರು, ಊರಿಗೆಲ್ಲ ಬೆಳಕು ಕೊಡುವ ಸ್ವಿಚ್ಚು ಇವಳ ಅಡುಗೆಮನೆಯ ಗೋಡೆಯಲ್ಲೇ ಇದೆ ಎಂಬಂತೆ. ಕಚೇರಿಯಲ್ಲಿ ಯಾರು ಎಷ್ಟೇ ಕೂಗಾಡಲಿ, ಅವಳ ದನಿ ಏರುತ್ತಿರಲಿಲ್ಲ. ದೂರು ಬರೆದುಕೊಂಡಿದ್ದೇವೆ, ನಮ್ಮವರು ಹೊರಟಿದ್ದಾರೆ, ಆದಷ್ಟು ಬೇಗ ಬರುತ್ತದೆ. ಇದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳಿದವಳಲ್ಲ. ಹೊಸದಾಗಿ ಸೇರಿದವರಿಗೂ ಅದನ್ನೇ ಕಲಿಸಿದ್ದಳು. ಗಂಟೆ ಮಾತ್ರ ಹೇಳಬೇಡಿ, ಹೇಳಿದರೆ ಸಿಕ್ಕಿಹಾಕಿಕೊಳ್ಳುತ್ತೀರಿ ಎನ್ನುತ್ತಿದ್ದಳು.

ಅಲ್ಲಿ ನುಂಗಿಕೊಂಡ ಸಿಟ್ಟು ಮನೆಗೆ ಬಂದ ಮೇಲೆ ಹೊರಗೆ ಬರುತ್ತಿತ್ತು. ಅದಕ್ಕೆ ದಾರಿ ಮಾಡಿಕೊಡಲು ಗಂಡನಿದ್ದ. ಕನ್ನಡಕದ ಅಂಗಡಿಯವನು, ಕೆಟ್ಟವನಲ್ಲ, ಕುಡಿತ ಇಸ್ಪೀಟು ಏನೂ ಇಲ್ಲ. ಇದ್ದ ಚಟ ಒಂದೇ, ಹೆಂಡತಿಯ ಹೆಸರಿನಲ್ಲಿ ಜಂಬ ಕೊಚ್ಚಿಕೊಳ್ಳುವುದು. ಅವಳು ಒಂದು ಸಲ ಗಿರಾಕಿಯೊಬ್ಬರ ಪ್ಯಾಂಟಿಗೆ ಗುಂಡಿ ಹೊಲಿದುಕೊಟ್ಟಿದ್ದಕ್ಕೆ, ನನ್ನ ಹೆಂಡತಿ ಕೋಟು ಹೊಲಿಯುತ್ತಾಳೆ ಎಂದು ಊರೆಲ್ಲ ಸಾರಿದ್ದ. ಆಮೇಲೆ ಬಟ್ಟೆ ಹಿಡಿದುಕೊಂಡು ಬಂದವರನ್ನು ಸಮಾಧಾನ ಮಾಡಿ ಕಳಿಸಿದ್ದು ಅವಳು.

ಆ ವಾರ ಅವನು ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಅಕ್ಕ ಅಂದರೆ ಶಾಲೆಯ ಹೆಡ್‌ಮಿಸ್ಸಾಗಿ ನಿವೃತ್ತಿಯಾದವರು, ಯಾರನ್ನೂ ಸುಲಭಕ್ಕೆ ಹೊಗಳದವರು. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಕರೆಂಟಕ್ಕನ ಕಿವಿಗೆ ಗಂಡನ ಮಾತು ಬಿತ್ತು.

"ಭಾನುವಾರ ಊಟಕ್ಕೆ ಬಾ ಅಕ್ಕ. ಇವಳು ಮನೇಲೇ ವೆನಿಲಾ ಐಸ್‌ಕ್ರೀಂ ಮಾಡ್ತಾಳೆ. ಅಂಗಡೀದು ಅದರ ಮುಂದೆ ಏನೂ ಅಲ್ಲ."

ಹುಟ್ಟಿದಾಗಿನಿಂದ ಅವಳು ಐಸ್‌ಕ್ರೀಂ ಮಾಡಿದವಳಲ್ಲ. ಫೋನಿಟ್ಟ ಮೇಲೆ ಕೇಳಿದರೆ, ಹಾಲು ಸಕ್ಕರೆ ಸೇರಿಸಿ ಫ್ರಿಜ್ಜಿನಲ್ಲಿ ಇಟ್ಟರೆ ಆಯಿತಲ್ಲ, ಅದರಲ್ಲೇನು ಬ್ರಹ್ಮವಿದ್ಯೆ ಇದೆ ಎಂದ.

ಶನಿವಾರ ಕಚೇರಿಯಿಂದ ಬಂದವಳೇ ಸೆರಗು ಸಿಕ್ಕಿಸಿಕೊಂಡು ಶುರುಮಾಡಿದಳು. ಗಟ್ಟಿ ಹಾಲನ್ನು ಕುದಿಸಿ ಇಳಿಸಿ ಸಕ್ಕರೆ ಹಾಕಿ ಆರಲು ಬಿಟ್ಟಳು. ತಣ್ಣಗಿನ ಕ್ರೀಮನ್ನು ಕಡಗೋಲಿನಿಂದ ನೊರೆ ಬರುವ ತನಕ ಕಡೆಯಬೇಕು ಎಂದು ಕಚೇರಿಯ ಗೆಳತಿ ಹೇಳಿಕೊಟ್ಟಿದ್ದಳು. ಗಂಡ ಬಂದು, ಕೈ ಯಾಕೆ ನೋಯಿಸಿಕೊಳ್ಳುತ್ತೀಯ ಎಂದು ಕ್ರೀಮನ್ನು ಮಿಕ್ಸಿಗೆ ಸುರಿದ. ಅವಳು ಬಾಗಿಲಲ್ಲಿ ಹಾಲಿನವನ ಹತ್ತಿರ ಮಾತಾಡಿ ಬರುವಷ್ಟರಲ್ಲಿ ಕ್ರೀಮು ಬೆಣ್ಣೆಯಾಗಿ ಜಾರಿನ ಗೋಡೆಗೆ ಅಂಟಿಕೊಂಡಿತ್ತು, ಕೆಳಗೆ ನೀರು. ಹೋಗಲಿ ಬಿಡು, ಬೆಣ್ಣೆಯಾದರೂ ಸಿಕ್ಕಿತಲ್ಲ ಎಂದು ಅವನು ನಕ್ಕ. ಅವಳು ಚಪ್ಪಲಿ ಮೆಟ್ಟಿ ಮತ್ತೆ ಅಂಗಡಿಗೆ ಹೋಗಿ ಕ್ರೀಮು ತಂದಳು. ಈ ಸಲ ಬಾಗಿಲು ಹಾಕಿಕೊಂಡು ತಾನೇ ಕಡೆದಳು. ಹಾಲು ಬೆರೆಸಿ, ವೆನಿಲಾ ಎಸೆನ್ಸನ್ನು ಚಮಚದಲ್ಲಿ ಅಳೆದು ಹಾಕಿ, ಸ್ಟೀಲ್ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಟ್ಟಳು.

ಆಮೇಲೆ ಅವನು ಗಟ್ಟಿಯಾಯಿತಾ ನೋಡುತ್ತೇನೆಂದು ಒಂದೇ ಸಮನೆ ಫ್ರಿಜ್ಜಿನ ಬಾಗಿಲು ತೆಗೆಯತೊಡಗಿದ. ನೋಡುವುದೆಂದರೆ ಬೆರಳು ಅದ್ದಿ ನೋಡುವುದು. ಇನ್ನೊಂದು ಸಲ ಮುಟ್ಟಿದರೆ ಆ ಬೆರಳನ್ನೇ ಫ್ರೀಜರಿನಲ್ಲಿ ಇಡುತ್ತೇನೆ ಎಂದು ಅವಳು ಗದರಿದ ಮೇಲೆ ಬಿಟ್ಟ.

ಬೆಳಿಗ್ಗೆ ಅದು ಗಟ್ಟಿಯಾಗಿತ್ತು. ಕೆದಕಿ ನೋಡಿದರೆ ಒಳಗೆಲ್ಲ ಬರಿ ಮಂಜಿನ ಹರಳು. ಅವಳು ಅದನ್ನು ಕರಗಿಸಿ ಮತ್ತೆ ಕಡೆದು ಒಳಗಿಟ್ಟಳು. ಡಬ್ಬಿಯ ಅಂಚಿನಲ್ಲಿ ಇನ್ನೇನು ಹೆಪ್ಪುಗಟ್ಟಬೇಕು, ಅಷ್ಟರಲ್ಲಿ ಫ್ರಿಜ್ಜು ಒಮ್ಮೆ ಗುರ್ರೆಂದು ನಿಂತಿತು. ಕರೆಂಟು ಹೋಗಿತ್ತು.

ಪಕ್ಕದ ಮನೆಯಾಕೆ ಎಂದಿನಂತೆ ಬಂದು, ಯಾವಾಗ ಬರುತ್ತೆ ಅಕ್ಕ ಎಂದು ಕೇಳಿದಳು. ನನ್ನನ್ನೇನು ಕೇಳುತ್ತೀ, ನಮ್ಮ ಮನೆಯಲ್ಲೂ ಕರೆಂಟಿಲ್ಲವಲ್ಲ ಎಂದು ಕರೆಂಟಕ್ಕ ಬಾಗಿಲು ಮುಚ್ಚಿದಳು. ಸ್ವಲ್ಪ ಹೊತ್ತು ಕಾದು ನೋಡಿದಳು. ಕೊನೆಗೆ ತಡೆಯಲಾರದೆ ತನ್ನ ಕಚೇರಿಗೇ ಫೋನು ಮಾಡಿದಳು. ಎತ್ತಿದವಳು ಅವಳೇ ಕೆಲಸ ಕಲಿಸಿದ ಸಹೋದ್ಯೋಗಿ.

"ದೂರು ಬರ್ಕೊಂಡಿದೀವಿ, ನಮ್ಮವರು ಹೊರಟಿದಾರೆ, ಆದಷ್ಟು ಬೇಗ ಬರುತ್ತೆ."

"ನಾನು ಕಣೇ. ನಿಜ ಹೇಳು, ಎಷ್ಟೊತ್ತಾಗುತ್ತೆ?"

"ಆದಷ್ಟು ಬೇಗ, ಅಕ್ಕ."

"ಆದಷ್ಟು ಬೇಗ ಅಂದ್ರೆ ಎಷ್ಟು? ಇಲ್ಲಿ ನಮ್ಮ ಪಾಡೇನು? ನಾವೇನು ಮನುಷ್ಯರಲ್ವಾ?"

ದಿನಾ ಫೋನಿನಲ್ಲಿ ಜನರಿಂದ ಕೇಳುವ ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಅವಳಿಗೆ ನಾಚಿಕೆಯಾಯಿತು. ಅತ್ತಲಿಂದ ಸಹೋದ್ಯೋಗಿ, ಒಂದಿಷ್ಟೂ ದನಿ ಏರಿಸದೆ, ಮೀಟರ್ ನಂಬರ್ ಹೇಳಿ ಅಕ್ಕ ಎಂದಳು. ಚೆನ್ನಾಗಿಯೇ ಕಲಿಸಿದ್ದೇನೆ ಎಂದುಕೊಂಡು ಕರೆಂಟಕ್ಕ ಫೋನು ಕುಕ್ಕಿದಳು.

ಗಂಡನ ಅಕ್ಕ, ಅಂದರೆ ಅವಳ ಅತ್ತಿಗೆ, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅವರು ಒಳಗೆ ಬರುವಾಗ ಕರೆಂಟಕ್ಕನ ಗಂಡ ಫ್ರಿಜ್ಜಿನ ಮುಂದೆ ನಿಂತು ಡಬ್ಬಿಗೆ ಪೇಪರಿನಿಂದ ಗಾಳಿ ಹಾಕುತ್ತಿದ್ದ. ಅದನ್ನು ಕಂಡು ಅವಳ ತಾಳ್ಮೆ ಮುಗಿಯಿತು.

"ಅತ್ತಿಗೆ, ಮೊದಲೇ ಹೇಳಿಬಿಡ್ತೀನಿ. ನನಗೆ ಐಸ್‌ಕ್ರೀಂ ಮಾಡಕ್ಕೆ ಬರಲ್ಲ. ಯಾವತ್ತೂ ಮಾಡಿಲ್ಲ. ನಿಮ್ಮ ತಮ್ಮ ಹೇಳಿದ್ದು ಶುದ್ಧ ಸುಳ್ಳು."

ಅತ್ತಿಗೆ ಕೈಚೀಲವನ್ನು ಕುರ್ಚಿಯ ಮೇಲಿಟ್ಟರು. "ಗೊತ್ತು ಬಿಡಮ್ಮ. ಚಿಕ್ಕವನಿದ್ದಾಗ ನಮ್ಮಕ್ಕ ಚೆನ್ನಾಗಿ ಈಜ್ತಾಳೆ ಅಂತ ಎಲ್ಲರ ಹತ್ರ ಹೇಳಿ ನನ್ನ ಕೆರೆಗೆ ತಳ್ಳಿದ್ದ. ಎಮ್ಮೆ ಕಾಯೋರು ಎಳೆದು ಹಾಕಿದ್ರು."

ಕರೆಂಟಕ್ಕ ಅವರ ಮುಖವನ್ನೇ ನೋಡಿದಳು. ಮದುವೆಯಾದಾಗಿನಿಂದ ಈ ಹೆಂಗಸಿಗೆ ಹೆದರಿಕೊಂಡು ಬದುಕಿದ್ದಳು. ಈಗ ಇಬ್ಬರಿಗೂ ಒಟ್ಟಿಗೇ ನಗು ಬಂತು. ಗಂಡ ಮಾತ್ರ, ಆ ಕೆರೆಯಲ್ಲಿ ನೀರು ಸೊಂಟದ ತನಕವೂ ಇರಲಿಲ್ಲ ಎಂದು ಗೊಣಗಿದ.

ಐಸು ಉಪ್ಪು ತುಂಬಿದ ಬಕೆಟ್ಟಿನಲ್ಲಿ ಡಬ್ಬಿ ಇಟ್ಟು ತಿರುಗಿಸಿದರೆ ಕರೆಂಟೇ ಬೇಡ, ಹಿಂದೆ ಶಾಲೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸಿದ್ದೆ ಎಂದು ಅತ್ತಿಗೆ ಹೇಳಿದರು. ಐಸಿನ ಗಡ್ಡೆ ತರಲು ಗಂಡನನ್ನೇ ಓಡಿಸಿದರು. ಅವನು ತಂದ, ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿದ, ಕಲ್ಲುಪ್ಪು ಬೆರೆಸಿದ. ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಡಬ್ಬಿಯನ್ನು ಆ ಕಡೆ ಈ ಕಡೆ ತಿರುಗಿಸತೊಡಗಿದ. ಹೆಂಗಸರಿಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ಮಧ್ಯೆ ಮಧ್ಯೆ ಕರೆಂಟಕ್ಕ ಮುಚ್ಚಳ ತೆಗೆದು ಅಂಚನ್ನು ಕೆರೆದು ಕಲಸುತ್ತಿದ್ದಳು. ಅವನು ಭುಜ ನೋವು ಎಂದ, ಕಾಲು ಜೋಮು ಹಿಡಿಯಿತು ಎಂದ. ಅಷ್ಟರಲ್ಲಿ ಕರೆಂಟು ಬಂತು, ಫ್ಯಾನು ತಿರುಗಿತು. ಅವನು ಡಬ್ಬಿ ಎತ್ತಿಕೊಂಡು ಫ್ರಿಜ್ಜಿನ ಕಡೆ ಹೊರಟ.

"ಕೂತ್ಕೊಳ್ಳಿ," ಎಂದಳು ಕರೆಂಟಕ್ಕ. "ತಿರುಗಿಸಿ."

ಕೂತ. ತಿರುಗಿಸಿದ.

ಐಸ್‌ಕ್ರೀಂ ಕೊನೆಗೂ ಆಯಿತು, ಬೆಣ್ಣೆಯ ಹಾಗೆ ನುಣ್ಣಗೆ. ಒಂದು ಬದಿಗೆ ಉಪ್ಪುನೀರು ಸಿಡಿದಿತ್ತು. ಆ ಭಾಗವನ್ನು ಗಂಡನ ಬಟ್ಟಲಿಗೆ ಹಾಕಿದಳು. ಅತ್ತಿಗೆ ಎರಡು ಸಲ ಹಾಕಿಸಿಕೊಂಡು ತಿಂದು, ವೆನಿಲಾ ಒಂಚೂರು ಜಾಸ್ತಿಯಾಯಿತು ಎಂದರು. ಕರೆಂಟಕ್ಕನಿಗೆ ಉರಿದುಹೋಯಿತು. ಆದರೂ ಉಳಿದದ್ದನ್ನು ಅವರಿಗೇ ಡಬ್ಬಿಯಲ್ಲಿ ಹಾಕಿಕೊಟ್ಟಳು.

ಸೋಮವಾರ ಗಂಡನಿಗೆ ಬಲಗೈ ಎತ್ತಲು ಬರಲಿಲ್ಲ. ಅಂಗಡಿಯ ಶಟರ್ ಎತ್ತಿಕೊಡಲು ಅವಳೇ ಹೋಗಬೇಕಾಯಿತು. ತುಕ್ಕು ಹಿಡಿದ ಆ ಶಟರ್ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಅವಳು ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಎರಡೂ ಕೈ ಹಾಕಿ ಎಳೆಯುತ್ತಿದ್ದರೆ, ಅವನು ಪಕ್ಕದಲ್ಲಿ ನಿಂತು, ಸ್ವಲ್ಪ ಎಡಗಡೆಯಿಂದ ಎತ್ತು, ಎಡಗಡೆಯಿಂದ ಎಂದು ಹೇಳಿಕೊಡುತ್ತಿದ್ದ.