ಬಳ್ಳಾರಿಯ ಮೆಣಸಿನ ಮರ

ಶ್ರೀಕಾರ್ಯಂನಲ್ಲಿ ಮನೆ ಕೊಂಡಾಗ ನನ್ನ ಗಂಡ ಮೊದಲು ಮಾಡಿದ ಕೆಲಸ ಬಳ್ಳಾರಿಯಿಂದ ತಂದ ಬೀಜ ಬಿತ್ತಿದ್ದು. ಪಾತ್ರೆ ಪಗಡ ಇನ್ನೂ ಗೋಣಿಚೀಲದಲ್ಲೇ ಇದ್ದವು. ಇವರು ಮಲಗುವ ಕೋಣೆಯ ಕಿಟಕಿಯಡಿ ಮಣ್ಣು ಕೆದಕುತ್ತಿದ್ದರು. ಎರಡು ಸಸಿ ಬದುಕಿದವು. ಮೆಣಸಿನ ಮರ ಎಂದು ಪಕ್ಕದ ಮನೆಯ ಚೇಚಿಗೆ ಹೆಮ್ಮೆಯಿಂದ ತೋರಿಸಿದರು. ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ; ಈ ಅಕ್ಕ ಬೆಳೆ ಸಂಶೋಧನೆಯ ಕಚೇರಿಯಲ್ಲಿದ್ದು ನಿವೃತ್ತರಾದವರು. ಮೆಣಸು ಬಿಡುವುದು ಬಳ್ಳಿಯಲ್ಲಿ ಎಂದು ನಕ್ಕು, ತಮ್ಮ ಹಲಸಿನ ಮರಕ್ಕೆ ಹಬ್ಬಿದ್ದ ಬಳ್ಳಿಯತ್ತ ಕೈ ತೋರಿಸಿದರು.

ನಾನು ಮೈಸೂರಿನವಳು, ಹಸಿರು ಕಂಡರೆ ಖುಷಿ. ಇವರು ಬಿಸಿಲಲ್ಲಿ ಬೆಳೆದವರು. ಹತ್ತಿರದ ತುಂಬ ಎಂಬ ಊರಿನ ರಾಕೆಟ್ ಕೇಂದ್ರದ ಕಚೇರಿಗೆ ವರ್ಗವಾಗಿ ಬಂದ ದಿನದಿಂದ ಈ ಊರಿನ ತೇವವನ್ನು ಬೈಯುವುದೇ ಕೆಲಸ. ಟವೆಲ್ ಒಣಗುವುದಿಲ್ಲ, ಹಪ್ಪಳ ಒಣಗುವುದಿಲ್ಲ. ಸಂಜೆ ಬಂದವರೇ ಆ ಗಿಡದ ಒಂದೆಲೆ ಕಿತ್ತು, ಬೆರಳಲ್ಲಿ ಉಜ್ಜಿ ಮೂಸುತ್ತಿದ್ದರು. ಆ ಘಾಟು ಅಂಗಿಯ ತೋಳಿಗೂ ಹತ್ತುತ್ತಿತ್ತು. ಒಗೆಯುವಾಗೆಲ್ಲ ನಾನು ಗೊಣಗುತ್ತಿದ್ದೆ.

ಮರಗಳು ಕಿಟಕಿಗಿಂತ ಎತ್ತರವಾಗಿ ಹೂ ಬಿಟ್ಟ ವರ್ಷವೇ ಇವರಿಗೆ ಉಬ್ಬಸ ಶುರುವಾಯಿತು. ಹೂ ಉದುರಿ ಕೆಂಪು ಕಾಳಿನ ಗೊಂಚಲು ತೂಗುವ ಹೊತ್ತಿಗೆ ತಾನಾಗಿಯೇ ಇಳಿಯುತ್ತಿತ್ತು. ನಮಗೆ ಹೊಳೆಯಬೇಕಲ್ಲ! ಗೋಡೆಗೆ ಬಣ್ಣ ಹೊಡೆಸಿದೆ, ಹಾಸಿಗೆ ಬದಲಿಸಿದೆ, ಮೊಸರು ನಿಲ್ಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಷ್ಟರಲ್ಲಿ ನಾನು ಕೆಲಸಕ್ಕಿದ್ದ ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ಹಾಕಿದರು. ಎಡಪ್ಪಳ್ಳಿಯಲ್ಲಿ ಒಂದು ಸಣ್ಣ ಫ್ಲಾಟ್ ಹಿಡಿದೆ. ಮರ ಹೂ ಬಿಟ್ಟಿದ್ದ ದಿನಗಳಲ್ಲೇ ಇವರು ಏದುಸಿರು ಬಿಡುತ್ತಾ ರಜೆ ಹಾಕಿ ಬಂದರು. ಫ್ಲಾಟಿನೆದುರಿನ ಜಂಕ್ಷನ್ನಿನ ವಾಹನಗಳ ಹೊಗೆ ಕುಡಿಯುತ್ತಲೇ ಎರಡು ದಿನಕ್ಕೆ ಸುಧಾರಿಸಿಕೊಂಡು ಗೊರಕೆ ಹೊಡೆದರು. ಅಲ್ಲಿಯ ಡಾಕ್ಟರು ಇದನ್ನು ಕೇಳಿ, ಆ ಮನೆಯ ಕಿಟಕಿಯಾಚೆ ಏನಿದೆ ಎಂದು ಮಾತ್ರ ವಿಚಾರಿಸಿದರು.

"ಕಡಿಸಿಬಿಡೋಣ ಕಣ್ರೀ," ಎಂದೆ.

"ನಮ್ಮೂರ ಗಿಡ ಅದು. ನನಗ್ಯಾಕ ಕೆಡಕು ಮಾಡ್ತೈತಿ?"

ಶ್ರೀಕಾರ್ಯಂಗೆ ಬಂದಾಗ ಚೇಚಿಯಿಂದ ಹೇಳಿಸಿದೆ. ಅದು ಬಳ್ಳಾರಿಯದೂ ಅಲ್ಲ, ದಕ್ಷಿಣ ಅಮೆರಿಕದ್ದು ಎಂದರು ಅವರು. ನಿಮ್ಮೂರಿಗೂ ಯಾರೋ ಅಂದಕ್ಕೆಂದು ತಂದಿರಬೇಕು. ಹಾಗೆ ಅಂದಕ್ಕೆ ನೆಟ್ಟದ್ದು ಕೆಲವು ದೇಶಗಳಲ್ಲಿ ಅಲ್ಲಿಯ ಗಿಡಗಳನ್ನೇ ನುಂಗಿ ಹಬ್ಬಿದೆ. ಅದರ ಹೂವಿನ ಗಾಳಿ ಕೆಲವರಿಗೆ ಆಗುವುದಿಲ್ಲ. ಇವರು ಎದ್ದು ಕಿಟಕಿಯಿಂದ ಕೈ ಚಾಚಿ ಒಂದೆಲೆ ಕಿತ್ತು ಮೂಸಿದರು.

"ಇರ್ಲಿ ಬಿಡು," ಎಂದರು ಆಮೇಲೆ ನನಗೆ. "ಅದೂ ನನ್ನಂಗ ವರ್ಗ ಆಗಿ ಬಂದೈತಿ."

ಕೊಚ್ಚಿಯಿಂದಲೇ ಫೋನು ಮಾಡಿ ಮರ ಕಡಿಯುವವನನ್ನು ಗೊತ್ತು ಮಾಡಿ ಕಳಿಸಿದೆ. ಇವರು ಅವನಿಗೆ ಚಹಾ ಕುಡಿಸಿ ವಾಪಸ್ ಕಳಿಸಿದರು. ನಾನು ರೇಗಿದರೆ, ರಿಟೈರ್ ಆದ ಮೇಲೆ ಕೊಚ್ಚಿಗೇ ಬರುತ್ತೇನಲ್ಲ, ಆಗ ಕಡಿಸು ಎಂದರು. ಮೊಂಡುತನದಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಮತ್ತೆ ಹೂ ಬಿಟ್ಟಾಗ ಇವರು ಹೋದರು. ಚೇಚಿ ಆಸ್ಪತ್ರೆಗೆ ಸಾಗಿಸಿದ್ದರು. ನಾನು ರೈಲಿಳಿದು ಬರುವಷ್ಟರಲ್ಲಿ ಮುಗಿದಿತ್ತು. ಮನೆಗೆ ತಂದಾಗ ಕೋಣೆಯ ಕಿಟಕಿ ತೆರೆದೇ ಇತ್ತು. ನನಗಿಂತ ಆ ಮರ ಹೆಚ್ಚಾಯಿತಾ ಎಂದು ಹೆಣದ ಮುಂದೆ ನಿಂತು ಕೇಳಿದೆ. ಬಂದವರು ದುಃಖವೆಂದುಕೊಂಡು ನನ್ನ ಬೆನ್ನು ಸವರಿದರು. ಅದು ಸಿಟ್ಟು. ಇವತ್ತಿಗೂ ಇಳಿದಿಲ್ಲ.

ತಿಥಿಯ ಮರುದಿನವೇ ಎರಡನ್ನೂ ಬುಡಸಮೇತ ತೆಗೆಸಿದೆ. ಆದರೆ ಹಕ್ಕಿಗಳು ಅಷ್ಟು ವರ್ಷ ಆ ಕೆಂಪು ಕಾಳು ತಿಂದಿದ್ದವು. ಚರಂಡಿಯ ಅಂಚಿನಲ್ಲಿ, ಕಾಂಪೌಂಡಿನ ಬಿರುಕಿನಲ್ಲಿ, ಚೇಚಿಯ ಮೆಣಸಿನ ಬಳ್ಳಿಯ ಬುಡದಲ್ಲಿ, ಎಲ್ಲೆಲ್ಲೂ ಸಸಿಗಳು ಏಳುತ್ತಿವೆ. ನೌಕರಿ ಮುಗಿಸಿ ಇಲ್ಲಿಗೇ ಬಂದಿದ್ದೇನೆ. ಮಳೆ ಹೊಳವಾದ ಬೆಳಿಗ್ಗೆಗಳಲ್ಲಿ ಬಗ್ಗಿ ಬಗ್ಗಿ ಕೀಳುತ್ತೇನೆ. ಕನಿಕರವೆಂಬುದಿಲ್ಲ, ಒಂದನ್ನೂ ಉಳಿಸುವುದಿಲ್ಲ. ಮುಗಿಯುವ ಹೊತ್ತಿಗೆ ಎರಡೂ ಕೈಗೆ ಅದೇ ಘಾಟು, ಇವರ ಅಂಗಿಯ ತೋಳಿನದು.

ಆ ಗಿಡದ ಸೊನೆ ಚರ್ಮಕ್ಕೆ ಆಗದು, ಬೇಗ ಕೈ ತೊಳೆ ಎಂದು ಚೇಚಿ ಗೋಡೆಯಾಚೆಯಿಂದ ಕೂಗುತ್ತಾರೆ. ಹೂಂ ಎನ್ನುತ್ತೇನೆ. ಒಳಗೆ ಬಂದು ಹಾಸಿಗೆಯ ಮೇಲೆ ಕೂರುತ್ತೇನೆ, ತೊಳೆಯುವುದಿಲ್ಲ.