ಮೂರೂರಿನ ಒಂದು ಕ್ಯಾಮೆರಾ

ಹೋದ ವಾರ ಬೀದರಿನಲ್ಲಿ ಚಳಿ ಒಮ್ಮೆಲೇ ಬಿತ್ತು. ಮಫ್ಲರ್ ಹುಡುಕಲೆಂದು ಮಂಚದ ಕೆಳಗಿನ ಟ್ರಂಕು ಎಳೆದೆ. ಮಫ್ಲರ್ ಸಿಗಲಿಲ್ಲ, ಸಿಕ್ಕಿದ್ದು ಸ್ಟೀಲಿನ ಒಂದು ಊಟದ ಡಬ್ಬಿ. ಮುಚ್ಚಳ ಬಿಗಿದುಕೊಂಡಿತ್ತು. ಚಮಚದ ಹಿಡಿಕೆಯಿಂದ ಮೀಟಿದೊಡನೆ ಹುಳಿಹುಳಿಯಾದ, ಮೂಗಿಗೆ ಚುಚ್ಚುವ ವಾಸನೆ ಬಂತು. ನಿಮ್ಮ ಮನೆಯಲ್ಲಿ ಹಳೆಯ ಟಾರ್ಚೋ ರೇಡಿಯೋವೋ ಇದ್ದರೆ ನಿಮಗೂ ಇದು ಗೊತ್ತಿರುತ್ತದೆ, ಸೆಲ್ಲು ಸೋರಿ ಒಣಗಿದ ವಾಸನೆ. ಒಳಗೆ ಟವೆಲ್ಲಿನ ತುಂಡಿನಲ್ಲಿ ಸುತ್ತಿದ ನಮ್ಮ ಡಿಜಿಟಲ್ ಕ್ಯಾಮೆರಾ ಇತ್ತು. ಸೆಲ್ಲಿನ ಬಾಗಿಲ ಸುತ್ತ ಹಸಿರು ಪುಡಿ ಕಟ್ಟಿಕೊಂಡಿತ್ತು.

"ಇನ್ನಾ ಇಟ್ಟೀರೇನ್ರಿ ಅದನ್ನ? ಭಂಗಾರವಾಲಾ ಸುದ್ದಾ ತಗೋಳಂಗಿಲ್ಲ ಅದು," ಎಂದಳು ನನ್ನ ಹೆಂಡತಿ. ಹಳೆ ಸಾಮಾನಿನವನಿಗೂ ಬೇಡವಾದ ಆ ವಸ್ತುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮಫ್ಲರಿನ ನೆನಪೇ ಹೋಯಿತು.

"ನಮ್ಮ" ಕ್ಯಾಮೆರಾ ಎಂದೆ ನೋಡಿ. ಅದಕ್ಕೆ ಮೂವರು ಮಾಲೀಕರು. ಬೀದರಿನಲ್ಲಿ ನಾನು, ಭಾಲ್ಕಿಯಲ್ಲಿ ಶಿವರಾಜ, ಔರಾದಿನಲ್ಲಿ ಮಿಲಿಂದ. ಮೂವರೂ ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಯಾವುದೋ ತರಬೇತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒಟ್ಟಿಗೇ ತೂಕಡಿಸಿ ಗೆಳೆಯರಾದವರು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಹೈದರಾಬಾದಿನ ಅಂಗಡಿಯೊಂದರಲ್ಲಿ ರೀಲೇ ಇಲ್ಲದ ಕ್ಯಾಮೆರಾ ಕಂಡು ಮೂವರಿಗೂ ಹುಚ್ಚು ಹಿಡಿಯಿತು. ಒಬ್ಬೊಬ್ಬರ ಕೈಗೆ ಎಟುಕುವಂಥದ್ದಲ್ಲ, ಮೂವರೂ ಕೂಡಿ ಕೊಂಡೆವು. ಬರುವಾಗ ಬಸ್ಸಿನಲ್ಲಿ ಶಿವರಾಜ ಅದರ ಬಾಗಿಲುಗಳನ್ನೆಲ್ಲ ತೆರೆದು ತೆರೆದು ನೋಡಿದ. ರೀಲು ಎಲ್ಲೋ ಒಳಗೆ ಇದ್ದೇ ಇರುತ್ತದೆಂದು ಅವನಿಗೆ ಗುಮಾನಿ.

ಒಬ್ಬೊಬ್ಬರ ಬಳಿ ಹತ್ತು ದಿನ ಎಂದು ಪಾಳಿ ಮಾಡಿಕೊಂಡೆವು. ಊರಿಂದ ಊರಿಗೆ ಅದನ್ನು ಒಯ್ಯುತ್ತಿದ್ದವರು ಬಸ್ಸಿನ ಕಂಡಕ್ಟರುಗಳು. ಕ್ಯಾಮೆರಾ ಎಂದು ಗೊತ್ತಾದರೆ ಕೈಕೈ ದಾಟಿ ಕೆಟ್ಟೀತೆಂದು ಊಟದ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೆವು. ಆದರೆ ನಮ್ಮ ಕಡೆ ಡಬ್ಬಿಯನ್ನು ಖಾಲಿ ಮರಳಿಸುವ ರೂಢಿಯಿಲ್ಲ. ಕ್ಯಾಮೆರಾ ಊಟದ ಪದಾರ್ಥವಲ್ಲವಾದ್ದರಿಂದ ಡಬ್ಬಿ ಖಾಲಿಯೇ ಸರಿ ಎಂಬುದು ಶಿವರಾಜನ ಹೆಂಡತಿಯ ವಾದ. ಹಾಗಾಗಿ ಭಾಲ್ಕಿಯಿಂದ ಬರುವಾಗ ಕ್ಯಾಮೆರಾದ ಪಕ್ಕದಲ್ಲಿ ಶೇಂಗಾ ಹಿಂಡಿಯ ಪೊಟ್ಟಣ ಇದ್ದೇ ಇರುತ್ತಿತ್ತು. ಒಮ್ಮೆ ಪೊಟ್ಟಣ ಒಡೆದು ಗುಂಡಿಗಳ ಸಂದಿಯಲ್ಲಿ ಹಿಂಡಿ ಸೇರಿತು. ಹಲ್ಲುಜ್ಜುವ ಬ್ರಷ್ಷಿನಿಂದ ಅರ್ಧ ದಿನ ತಿಕ್ಕಿದೆ.

ನಾಲ್ಕು ಸೆಲ್ಲು ಹಾಕಿದರೆ, ಹಿಂದಿನ ಪುಟ್ಟ ಪರದೆ ಹೊತ್ತಿದ್ದಾಗ, ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಖಲಾಸ್. ಅದಕ್ಕೆ ನಾನೊಂದು ಕಾನೂನು ಮಾಡಿದೆ. ಯಾರೂ ಪರದೆ ಹೊತ್ತಿಸಬಾರದು. ಮೇಲಿನ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ಗುಂಡಿ ಒತ್ತಬೇಕು, ಫೋಟೋ ಹೇಗೆ ಬಂದಿದೆಯೆಂದು ಆಮೇಲೆ ಕಂಪ್ಯೂಟರಿನಲ್ಲೇ ನೋಡಬೇಕು. ಕಂಪ್ಯೂಟರ್ ಇದ್ದದ್ದು ನನ್ನ ಮನೆಯಲ್ಲಿ ಮಾತ್ರ. ಫೋಟೋ ಹಿಡಿದಿಡುವ ಕಾರ್ಡೂ ಒಂದೇ. ತುಂಬಿದ ಕಾರ್ಡು ನನ್ನ ಬಳಿ ಬರಬೇಕು, ನಾನು ಫೋಟೋ ಇಳಿಸಿಕೊಂಡು, ಕಾರ್ಡು ಅಳಿಸಿ, ಮುಂದಿನವನಿಗೆ ಕಳಿಸಬೇಕು. ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟು ಇತ್ತು ನನ್ನ ಬಳಿ. ಶಾಲೆಯಲ್ಲಿ "ಕಂಪ್ಯೂಟರ್ ಸರ್" ಎಂದೇ ಹೆಸರು. ಆ ಹೆಸರು ತಲೆಗೇರಿತ್ತು, ಸುಳ್ಳೇಕೆ ಹೇಳಲಿ.

ಶಿವರಾಜ ತನ್ನ ಎಮ್ಮೆಯದೂ ಮಕ್ಕಳ ಕ್ರಿಕೆಟ್ಟಿನದೂ ಫೋಟೋ ತೆಗೆಯುತ್ತಿದ್ದ. ನಾನು ನನ್ನ ಸ್ಕೂಟರನ್ನು ನಾಲ್ಕೂ ದಿಕ್ಕಿನಿಂದ ತೆಗೆದೆ. ಮಿಲಿಂದ ತೆಗೆಯುತ್ತಿದ್ದುದೇ ಕಡಿಮೆ. "ಒಮ್ಮಿ ಆಯಿದು ಛಲೋ ಫೋಟೋ ತೆಗಿಬೇಕು ನೋಡು," ಎನ್ನುತ್ತಿದ್ದ.

ಆಯಿ ಎಂದರೆ ಅವನ ತಾಯಿ. ಔರಾದಿನಲ್ಲಿ ಹುಡುಗಿಯರ ಹಾಸ್ಟೆಲಿನ ಅಡುಗೆ ಮಾಡಿ, ಅದೇ ಸಂಬಳದಲ್ಲಿ ಮಗನನ್ನು ಮಾಸ್ತರನನ್ನಾಗಿ ಮಾಡಿದವಳು. ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತು. ನೂರು ಹುಡುಗಿಯರಿಗೆ ಬಡಿಸಿದ ಕೈ, ನನಗೂ ಹಾಗೆಯೇ ಬಡಿಸುತ್ತಿತ್ತು, ಸಾಕು ಎಂದರೆ ಕೇಳುತ್ತಿರಲಿಲ್ಲ. ಅವಳ ಫೋಟೋ ಎಂದು ಇದ್ದದ್ದು ಮತದಾರರ ಚೀಟಿಯಲ್ಲಿ ಒಂದೇ ಒಂದು. ಅದರಲ್ಲಿ ಕಣ್ಣು ಬಿಟ್ಟುಕೊಂಡು, ಪೊಲೀಸರು ಹಿಡಿದು ತಂದವರಂತೆ ನಿಂತಿದ್ದಳು. "ಇಕಿ ನಾ ಅಲ್ಲ, ಯಾವಾಕಿನೋ ಕಳ್ಳಿ ಇದ್ದಾಳ," ಎಂದು ತಾನೇ ಎಲ್ಲರಿಗೂ ತೋರಿಸಿ ನಗುತ್ತಿದ್ದಳು. ಸ್ಟುಡಿಯೋಕ್ಕೆ ಬಾ ಎಂದರೆ ಒಲ್ಲೆ. "ಅಂವ ಗದ್ದ ಹಿಡದು ತಿರುವತಾನ. ನಾ ಏನ್ ಬದನಿಕಾಯೇನು?" ಆಗಲೇ ಅವಳಿಗೆ ಎದೆಯ ಬೇನೆ ಶುರುವಾಗಿತ್ತು. ಮಿಲಿಂದನ ಅವಸರ ಅದಕ್ಕೇ.

ಒಂದು ದಿನ ಬೆಳಿಗ್ಗೆ ಔರಾದಿನ ಬಸ್ಸಿನಲ್ಲಿ ಡಬ್ಬಿ ಬಂತು. ಜೊತೆಗೊಂದು ಚೀಟಿ: "ಆಯಿ ಫೋಟೋ ಅವ. ಜ್ವಾಕಿ." ಅದೇ ದಿನ ಶಿವರಾಜನ ಫೋನು. ಶಾಲೆಯಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಇದೆ, ಮಧ್ಯಾಹ್ನದ ಬಸ್ಸಿಗೇ ಕ್ಯಾಮೆರಾ ಕಳಿಸು. ಕೇಬಲ್ ಸಿಕ್ಕಿಸಿ ಕುಳಿತೆ. ಒಂದೊಂದು ಫೋಟೋ ಇಳಿಯಲೂ ಯುಗವಾಗುತ್ತಿತ್ತು, ನಡುವೆ ಸೆಲ್ಲು ತೀರಿದರೆ ಮತ್ತೆ ಮೊದಲಿಂದ. ಆ ದಿನ ಒಂದು ಹೊಸ ಉಪಾಯ ಹೊಳೆಯಿತು. ಮೌಸಿನ ಬಲಗುಂಡಿ ಒತ್ತಿ ಎಳೆದು ತಂದು ಏನೋ ಒಂದನ್ನು ಆರಿಸಿದೆ. ಹನ್ನೊಂದೂ ಫೋಟೋ ಕಣ್ಣು ಮಿಟುಕಿಸುವುದರೊಳಗೆ ನನ್ನ ಕಂಪ್ಯೂಟರಿನಲ್ಲಿ! ಭಲೇ ಎಂದುಕೊಂಡೆ. ಒಂದೊಂದನ್ನೂ ತೆರೆದು ನೋಡಿದೆ, ಚೆನ್ನಾಗಿದ್ದವು. ಕಾರ್ಡು ಅಳಿಸಿ, ಡಬ್ಬಿ ಕಟ್ಟಿಕೊಂಡು ಸ್ಟ್ಯಾಂಡಿಗೆ ಓಡಿದೆ. "ಲಗೂ ಕೊಡ್ರಿ ಸರ್, ಗಾಡಿ ಬಿಡೋ ಟೈಮ್ ಆಗ್ಯದ," ಎಂದು ಭಾಲ್ಕಿ ಬಸ್ಸಿನ ಕಂಡಕ್ಟರ್ ಕಿಟಕಿಯಿಂದಲೇ ಕೈ ಚಾಚಿದ.

ಭಾನುವಾರ ಮಿಲಿಂದ ಬರುವವನಿದ್ದ, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಲು. ಅವನು ಬರುವ ಮೊದಲು ತೆರೆದು ನೋಡಿದೆ. ಫೈಲ್ ಸಿಗುತ್ತಿಲ್ಲ ಎಂದಿತು ಕಂಪ್ಯೂಟರು. ಎರಡನೆಯದು, ಮೂರನೆಯದು, ಹನ್ನೊಂದೂ ಅಷ್ಟೇ. ನಾನು ಇಳಿಸಿಕೊಂಡಿದ್ದು ಫೋಟೋಗಳನ್ನಲ್ಲ, ಕಾರ್ಡಿನಲ್ಲಿ ಅವು ಎಲ್ಲಿವೆಯೆಂದು ತೋರಿಸುವ ಶಾರ್ಟ್‌ಕಟ್ಟುಗಳನ್ನು. ಅಂದು ತೆರೆದಾಗ ಕಂಡದ್ದು ಇನ್ನೂ ಕಾರ್ಡಿನಲ್ಲೇ ಇದ್ದ ಫೋಟೋಗಳು. ವಿಳಾಸ ಬರೆದುಕೊಂಡು ಮನೆಯನ್ನೇ ಕೆಡವಿದಂತೆ. ಭಾಲ್ಕಿಗೆ ಫೋನ್ ಮಾಡಿದೆ. ಶಿವರಾಜ ಗ್ಯಾದರಿಂಗಿನ ಕುಣಿತದಿಂದ ಕಾರ್ಡನ್ನು ಪೂರ್ತಿ ತುಂಬಿಸಿದ್ದ, ಅಳಿಸಿದ ಜಾಗದಲ್ಲೆಲ್ಲ ಹೊಸ ಫೋಟೋ ಕೂತಿದ್ದವು.

ಮಿಲಿಂದ ಬಂದ. ಚಪ್ಪಲಿ ಬಿಡುತ್ತಲೇ, "ಹ್ಯಾಂಗ ಬಂದಾವ?" ಎಂದ.

"ಕಾರ್ಡಿನಾಗ ಏನೂ ಇದ್ದಿದ್ದಿಲ್ಲೋ," ಎಂದುಬಿಟ್ಟೆ. "ಖಾಲಿ ಬಂದಿತ್ತು."

ಯಾಕೆ ಹಾಗೆಂದೆ? ನಿಮ್ಮೆದುರು ಮುಚ್ಚಿಡುವುದೇನಿದೆ, ಕಂಪ್ಯೂಟರ್ ಸರ್ ಇಂಥ ತಪ್ಪು ಮಾಡಿದ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಅಷ್ಟೇ. ಬೇರೆ ಯಾವ ಘನವಾದ ಕಾರಣವೂ ಇಲ್ಲ. ಮಿಲಿಂದ ತನ್ನ ಬೆರಳನ್ನೇ ನೋಡಿಕೊಂಡ. "ನಾ ಗುಂಡಿ ಒತ್ತಿದ್ದು ಹತ್ತಿಲ್ಲೇನೋ. ಪರದೆ ಆರ್ಸಿದ್ದೆ, ತಿಳೀಲಿಲ್ಲ," ಎಂದ. ನಾನು ಹೂಂಗುಟ್ಟಿದೆ. ಮುಂದಿನ ಪಾಳಿಯಲ್ಲಿ ತೆಗಿ ಎಂದು ಸಮಾಧಾನವನ್ನೂ ಹೇಳಿದೆ. ಆ ಪಾಳಿ ಬರುವ ಮೊದಲೇ ಆಯಿ ತೀರಿಕೊಂಡಳು.

ಮತದಾರರ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ಅವಳೇ ಕಳ್ಳಿ ಎಂದು ನಗುತ್ತಿದ್ದ ಆ ಮುಖ, ಗೋಡೆಯ ಮೇಲೆ ಎತ್ತರದಲ್ಲಿ, ಹಾರ ಹಾಕಿಕೊಂಡು. ಆಮೇಲೆ ಎಷ್ಟು ಸಲ ಔರಾದಿಗೆ ಹೋದರೂ ನಾನು ಆ ಗೋಡೆಗೆ ಬೆನ್ನು ಮಾಡಿಯೇ ಕುಳಿತೆ. ಮಿಲಿಂದ ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ. ತನ್ನ ಮಗಳ ಮದುವೆಯಲ್ಲಿ ಎಲ್ಲರೂ ಮೊಬೈಲು ಎತ್ತಿ ಹಿಡಿದಿದ್ದರೆ ಇವನು ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟ. "ನೀನೇ ತೆಗಿಯಪ್ಪಾ. ನನ್ನ ಕೈಯಾಗ ಬರಂಗಿಲ್ಲ." ನಾನು ತೆಗೆದುಕೊಟ್ಟೆ! ಆಗಲೂ ಬಾಯಿ ಬಿಡಲಿಲ್ಲ.

ಟ್ರಂಕು ತೆರೆದ ಮರುದಿನ ಔರಾದಿನ ಬಸ್ಸು ಹತ್ತಿದೆ. ವಯಸ್ಸಾದ ಮೇಲೆ ಧೈರ್ಯ ಬರುತ್ತದೆಂದಲ್ಲ. ಮಿಲಿಂದನಿಗೂ ವಯಸ್ಸಾಗುತ್ತಿದೆ, ತಾನೇ ತಪ್ಪು ಮಾಡಿದೆನೆಂದುಕೊಂಡೇ ಅವನು ಹೋಗಿಬಿಟ್ಟರೆ ಎಂಬ ದಿಗಿಲು. ಅವನು ಕಪ್ಪಿನಿಂದ ಬಸಿಗೆ ಚಹಾ ಹುಯ್ದುಕೊಳ್ಳುತ್ತಿದ್ದ. ನಾನು ಕುಡಿಯುವ ಮೊದಲೇ ಹೇಳಿಬಿಟ್ಟೆ.

"ಮಿಲಿಂದ, ಆ ಕಾರ್ಡು ಖಾಲಿ ಇದ್ದಿದ್ದಿಲ್ಲ. ಆಯಿ ಫೋಟೋ ಬಂದಿದ್ವು. ನಾನೇ ಕಳದೆ. ನಿನಗ ಸುಳ್ಳು ಹೇಳ್ದೆ."

ಬಸಿ ಕೆಳಗಿಟ್ಟ. "ಬಂದಿದ್ವು?"

"ಹನ್ನೊಂದೂ ಬರೋಬ್ಬರಿ ಬಂದಿದ್ವು."

ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತ. ಒಳಗೆ ಬರುವುದಿಲ್ಲವೆಂದೇ ಎಣಿಸಿದೆ. ಬಂದ. "ಇಷ್ಟು ವರ್ಷ ನಾ ಏನ್ ತಿಳ್ಕೊಂಡೀನಿ ಗೊತ್ತದೇನು ನಿನಗ? ಮಗ ಆಗಿ ಒಂದು ಗುಂಡಿ ನೆಟ್ಟಗ ಒತ್ತಲಾಕ ಬರ್ಲಿಲ್ಲ ಅಂತ."

ಅವನು ಎದುರಿಗೆ ಕುಳಿತ. "ನೀ ನೋಡೀದಿ ಅಲಾ ಅವು?"

"ನೋಡೀನಿ. ಒಂದೊಂದೇ ತಗದು ನೋಡೀನಿ."

"ಹಂಗಾದ್ರ ಹೇಳು. ಸಿಟ್ಟು ಆಮ್ಯಾಗ ಮಾಡ್ತೇನಿ. ಮೊದಲ ಹೇಳು."

ಆಗ ಹೊಳೆಯಿತು ನನಗೆ. ಆ ಫೋಟೋಗಳನ್ನು ನೋಡಿದವನು ಲೋಕದಲ್ಲಿ ನಾನೊಬ್ಬನೇ. ತೆಗೆದವನೂ ನೋಡಿಲ್ಲ. ಇಷ್ಟು ವರ್ಷ ಬಚ್ಚಿಟ್ಟಿದ್ದು ನನ್ನ ತಪ್ಪನ್ನು ಮಾತ್ರ ಎಂದುಕೊಂಡಿದ್ದೆ, ಅವನ ತಾಯಿಯನ್ನೂ ಬಚ್ಚಿಟ್ಟಿದ್ದೆ.

ಕಣ್ಣು ಮುಚ್ಚಿಕೊಂಡು ಹೇಳತೊಡಗಿದೆ. ಮೊದಲೆರಡರಲ್ಲಿ ಹೊರಸಿನ ಮೇಲೆ, ಮೊಣಕಾಲ ಮೇಲೆ ಕೈಯಿಟ್ಟು ಬಿಗಿಯಾಗಿ ಕುಳಿತಿದ್ದಳು, ಥೇಟು ಚೀಟಿಯ ಫೋಟೋದ ಹಾಗೆ. ನೀಲಿ ಸೀರೆ. ಆಮೇಲಿನದರಲ್ಲಿ ಒಂದು ಕೈ ಎತ್ತಿ ಏನೋ ಅನ್ನುತ್ತಿದ್ದಳು. ಇನ್ನೊಂದರಲ್ಲಿ ಖಾಲಿ ಹೊರಸು, ಬಾಗಿಲಲ್ಲಿ ಸೆರಗಿನ ತುದಿ ಮಾತ್ರ.

"ಹಾಲು!" ಎಂದ ಮಿಲಿಂದ. "ಒಲಿ ಮ್ಯಾಗ ಹಾಲು ಉಕ್ಕಿತ್ತು. 'ಎಷ್ಟೊತ್ತು ಕೂಡಸ್ತಿ ಬಿಸಲಾಗ' ಅಂತ ಬೈದು ಎದ್ದು ಹೋದ್ಳು." ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದ. ಅವಳು ಕೈ ಒರೆಸಿಕೊಂಡು ಬಂದು ಕುಳಿತು, "ಹೇಳ್ರಿ ಅಣ್ಣಾ," ಎಂದಳು.

ಕೊನೆಕೊನೆಯದೊಂದರಲ್ಲಿ ಆಯಿ ನಗುತ್ತಿದ್ದಳು. ಬಾಯಿಗೆ ಸೆರಗು ಅಡ್ಡ ಹಿಡಿಯಲು ಹೋಗಿ, ಹಿಡಿಯುವಷ್ಟರಲ್ಲಿ ಫೋಟೋ ಬಂದಿತ್ತು.

"ಮೂಗಿನಾಗ ನತ್ತು ಇತ್ತೇನು ಅದರಾಗ?" ಎಂದು ಕೇಳಿದ. ಹೂಂ ಎನ್ನಬಹುದಿತ್ತು. ನಂಬುತ್ತಿದ್ದ, ಸಂತೋಷವೂ ಪಡುತ್ತಿದ್ದ. "ಅದು ನೆನಪಿಲ್ಲೋ," ಎಂದೆ. ಹನ್ನೊಂದರಲ್ಲಿ ನೆನಪಿದ್ದದ್ದು ಐದೋ ಆರೋ. ಉಳಿದವು ಹೋದವು, ಅದನ್ನೂ ಹೇಳಿದೆ. ಎದ್ದು ಬರುವಾಗ ಮಿಲಿಂದ ಬಾಗಿಲ ತನಕ ಬಂದ.

ನಾಲ್ಕು ದಿನ ಫೋನಿಲ್ಲ. ನಾನೂ ಮಾಡಲಿಲ್ಲ. ಇವತ್ತು ಬೆಳಿಗ್ಗೆ ಅವನೇ ಮಾಡಿದ, ಹೇಳಿದ್ದ ಸಿಟ್ಟು ಪೂರ್ತಿ ಮಾಡಿದ. ಮೂವತ್ತು ವರ್ಷ ಹುಡುಗರನ್ನು ಬೈದು ಪಳಗಿದ ಬಾಯಿ. ಒಂದು ಮಾತಿಗೂ ನಾನು ಎದುರಾಡಲಿಲ್ಲ, ಎಲ್ಲವೂ ನನಗೆ ಸಲ್ಲತಕ್ಕದ್ದೇ. ಬೈದು ಸಾಕಾಗಿ, ಇನ್ನು ಫೋನ್ ಇಡುತ್ತಾನೆ ಎನ್ನುವಾಗ ದನಿ ಸಣ್ಣದಾಯಿತು.

"ಒಂದು ಕೇಳ್ತೇನಿ, ನೆನಪಿದ್ರ ಅಷ್ಟೇ ಹೇಳು. ನಗೋ ಫೋಟೋ ಅಂದೆಲಾ, ಅದರಾಗ ಆಯಿ ಯಾರ ಕಡಿ ನೋಡ್ಲಾಕತ್ತಿದ್ಳು?"

ಇದು ನನಗೆ ಚೆನ್ನಾಗಿ ನೆನಪಿತ್ತು.

"ಕ್ಯಾಮೆರಾದ ಕಡಿ ಅಲ್ಲಲೇ, ಸ್ವಲ್ಪ ಮ್ಯಾಲ," ಎಂದೆ. "ಕ್ಯಾಮೆರಾ ಹಿಡದಾಂವನ ಮಾರಿ ಕಡಿ. ನಿನ್ನ ನೋಡಿ ನಗ್ಲಾಕತ್ತಿದ್ಳು."

ಅವನು ಫೋನ್ ಇಡಲಿಲ್ಲ. ಆ ಕಡೆ ಅವನು, ಈ ಕಡೆ ನಾನು, ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕುಳಿತಿದ್ದೆವು.