ಸಾಲ್ಜ್‌ಬರ್ಗಿನ ಮಳೆಯಲ್ಲಿ ನಮ್ಮ ಚೆಂಡೆ

1974ರ ಜೂನ್ 18, ಮಂಗಳವಾರ ನಾವು ಹೊರಟೆವು. ಮುಂಬಯಿಯ ಕುರ್ಲಾದಿಂದ ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಎರಡು ಟ್ಯಾಕ್ಸಿ, ಒಂದು ಟೆಂಪೋ. ಜನ ಒಂಬತ್ತು, ಪೆಟ್ಟಿಗೆ ಹನ್ನೊಂದು. ರೈಲ್ವೆ ಮುಷ್ಕರ ಮುಗಿದು ಲೋಕಲ್‌ಗಳು ಓಡತೊಡಗಿದ್ದವು, ಆದರೆ ಕಿರೀಟಗಳ ಪೆಟ್ಟಿಗೆಯನ್ನು ಲೋಕಲ್‌ಗೆ ಏರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮಳೆ ಹಿಡಿದು ನಾಲ್ಕು ದಿನವಾಗಿತ್ತು.

ನಮ್ಮದು ಹೋಟೆಲ್ ಕೆಲಸಗಾರರ ಯಕ್ಷಗಾನ ಮಂಡಳಿ. ವಾರವೆಲ್ಲ ಕುರ್ಲಾ, ಜೋಗೇಶ್ವರಿಯ ಉಡುಪಿ ಹೋಟೆಲುಗಳಲ್ಲಿ ದೋಸೆ ಹುಯ್ದು, ಬಿಲ್ಲು ಬರೆದು, ರಜೆಯ ದಿನ ಮುಖಕ್ಕೆ ಬಣ್ಣ ಹಚ್ಚುವವರು. ನಾನೊಬ್ಬ ಮಾತ್ರ ಗದಗಿನವನು, ಪವಾಯಿಯ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಲ್ಯಾಬ್ ಸಹಾಯಕ. ದಿನವೂ ಊಟಕ್ಕೆ ಹೋಗುತ್ತಿದ್ದ ಹೋಟೆಲಿನಲ್ಲಿ ಪರಿಚಯವಾಗಿ ಮಂಡಳಿಯ ಪತ್ರವ್ಯವಹಾರ ನನ್ನ ಪಾಲಿಗೆ ಬಂದಿತ್ತು. ಆಸ್ಟ್ರಿಯದ ಸಾಲ್ಜ್‌ಬರ್ಗಿನಲ್ಲಿ ನಡೆಯುವ ಒಂದು ಜಾನಪದ ಕಲೆಗಳ ಉತ್ಸವಕ್ಕೆ ಆಹ್ವಾನ ಬಂದಾಗ, ಯಂತ್ರಗಳ ಕೈಪಿಡಿ ಓದಲೆಂದು ಸಂಜೆ ತರಗತಿಯಲ್ಲಿ ಕಲಿತ ನನ್ನ ಅರೆಬರೆ ಜರ್ಮನ್ನಿಗೂ ಬೆಲೆ ಬಂತು. ‘ಗದಗಿನವರು’ ಮ್ಯಾನೇಜರ್ ಆದರು.

ಫ್ರಾಂಕ್‌ಫರ್ಟ್‌ವರೆಗೆ ವಿಮಾನ, ಅಲ್ಲಿಂದ ಮ್ಯೂನಿಕ್ ಮೇಲೆ ಏಳು ಗಂಟೆ ರೈಲು. ಗಡಿಯಲ್ಲಿ ಸುಂಕದ ಅಧಿಕಾರಿ ಪೆಟ್ಟಿಗೆ ತೆರೆಸಿ ಮರದ ಕತ್ತಿಗಳನ್ನು ಬೆರಳಿನಿಂದ ತಟ್ಟಿ ನೋಡಿದ. ಪುಂಡುವೇಷ, ಅಂದರೆ ಎಳೆಯ ವೀರನ ಪಾತ್ರ ಮಾಡುವ ದೇಜು ಒಂದು ಕಿರೀಟ ತೆಗೆದು ಅವನ ಟೋಪಿಯ ಪಕ್ಕಕ್ಕೆ ಹಿಡಿದು, “ಅದಲು ಬದಲು ಮಾಡುವನಾ?” ಎಂದು ಕನ್ನಡದಲ್ಲೇ ಕೇಳಿದ. ಅಧಿಕಾರಿಗೆ ಏನು ಅರ್ಥವಾಯಿತೋ, ನಕ್ಕು ಮುದ್ರೆ ಒತ್ತಿದ. ಬುಧವಾರ ಮಧ್ಯಾಹ್ನ 3.20ಕ್ಕೆ ಸಾಲ್ಜ್‌ಬರ್ಗ್ ತಲುಪಿದೆವು. ಅಲ್ಲೂ ಮಳೆ. ನಮ್ಮ ಮುಂಬಯಿಯ ಹಾಗೆ ಸುರಿದು ನಿಲ್ಲುವ ಮಳೆಯಲ್ಲ, ಸಣ್ಣ ದಾರದಂತೆ ಸದ್ದಿಲ್ಲದೆ ಇಳಿಯುತ್ತಲೇ ಇರುವಂಥದು.

“ಎಂತ ಮಾರಾಯ್ರೆ, ಇದು ಮಳೆಯಾ ನೂಲಾ?” ಎಂದರು ವಾಸಣ್ಣ.

ವಾಸಣ್ಣ ನಮ್ಮ ಚೆಂಡೆಯವರು. ವಯಸ್ಸು ನಲವತ್ತಮೂರು, ಕುರ್ಲಾದ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ಕೆಲಸ. ಹದಿನಾರು ವರ್ಷ ಬಾರಿಸಿದರೂ ಆಟದ ಕರಪತ್ರಗಳಲ್ಲಿ ವೇಷಧಾರಿಗಳ ಹೆಸರಿರುತ್ತಿತ್ತೇ ಹೊರತು ಅವರದ್ದು ಬಂದದ್ದಿಲ್ಲ. ಉತ್ಸವದವರು ಎಲ್ಲರ ಹೆಸರನ್ನೂ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದರು. ನಿಲ್ದಾಣದಲ್ಲಿ ಅದು ಕೈಗೆ ಬಂದೊಡನೆ, “ಯಾವುದು, ತೋರಿಸಿ” ಎಂದರು. ನಾನು ಬೆರಳಿಟ್ಟು ತೋರಿಸಿದೆ. ಆ ಪುಟವನ್ನು ಮಡಚದೆ, ಪುಸ್ತಿಕೆಯನ್ನು ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡರು.

ಗುರುವಾರ ಬೆಳಿಗ್ಗೆ ಊರು ನೋಡಿದೆವು. ಊರಿನ ನಡುವೆ ಸಾಲ್ಜಾಕ್ ನದಿ, ಹಸಿರು ಬೆರೆತ ಬೂದು ನೀರು, ತುಂಬಾ ಸೆಳೆತ. ಹಳೆಯ ಪೇಟೆ ನದಿಗೂ ಕಡಿದಾದ ಬಂಡೆಬೆಟ್ಟಕ್ಕೂ ನಡುವೆ ಒತ್ತಿಕೊಂಡು ಕೂತಿದೆ, ಬೆಟ್ಟದ ಮೇಲೆ ಕೋಟೆ. ಬಿಷಪ್ಪರೇ ಅರಸರಾಗಿ ಆಳಿದ ಊರಂತೆ, ಉಪ್ಪಿನ ವ್ಯಾಪಾರದ ಸಂಪತ್ತಂತೆ. ಅಂಗಡಿಗಳ ಮುಂದೆ ಕಬ್ಬಿಣದ ಬಳ್ಳಿ ಬಿಡಿಸಿದ ಫಲಕಗಳು ತೂಗುತ್ತವೆ. ಒಂದು ಬೀದಿಯಲ್ಲಿ ನಲವತ್ತರವರೆಗೆ ಎಣಿಸಿ ಬಿಟ್ಟೆ. ಇಗರ್ಜಿಗಳ ಗುಮ್ಮಟಗಳಿಗೆ ತಾಮ್ರದ ಹೊದಿಕೆ, ಅದು ಹಸಿರಾಗಿದೆ. ದೊಡ್ಡ ಇಗರ್ಜಿಯೊಳಗೆ ಹೋದಾಗ ನಮ್ಮ ಭಾಗವತರು, ಅಂದರೆ ಹಾಡಿ ಆಟ ನಡೆಸುವ ಕೃಷ್ಣಯ್ಯನವರು, ಕತ್ತೆತ್ತಿ ಬಹಳ ಹೊತ್ತು ಚಾವಣಿ ನೋಡಿದರು. ಗಾರೆಯ ಹೂ, ಎಲೆ, ರೆಕ್ಕೆಯ ಮಕ್ಕಳು, ಚಿತ್ರಗಳು. ಈ ಶೈಲಿಗೆ ಬರೋಕ್ ಎನ್ನುತ್ತಾರೆಂದು ನಾನು ಹೇಳಿದೆ.

“ಹೆಸರು ಎಂತದ್ದೇ ಇರಲಿ, ಇದು ನಮ್ಮ ಕಿರೀಟ ಕಟ್ಟುವವನ ಕೆಲಸವೇ. ಒಂದು ಬೆರಳಗಲ ಖಾಲಿ ಬಿಡ್ಲಿಲ್ಲ ನೋಡಿ,” ಎಂದರು ಭಾಗವತರು. ನಾನು ಓದಿಕೊಂಡು ಹೋಗಿದ್ದ ಎರಡು ಪುಸ್ತಕಗಳೂ ನನಗೆ ಇಷ್ಟು ಸಲೀಸಾಗಿ ತಿಳಿಸಿರಲಿಲ್ಲ.

ನಾಲ್ಕು ಗಂಟೆಗೆ ತಾಲೀಮು. ವಾಸಣ್ಣ ಚೆಂಡೆಯನ್ನು ಹೆಗಲಿಗೆ ಹಾಕಿ ಕೋಲಿನಿಂದ ಬಡಿದರು. ದಬ್. ಹಗ್ಗ ಎಳೆದು ಬಿಗಿದು ಮತ್ತೆ ಬಡಿದರು. ದಬ್ ದಬ್. ಎರಡು ದಿನದ ಥಂಡಿಗೆ ಚರ್ಮ ಮೆತ್ತಗಾಗಿತ್ತು. ದೇಜು ಕುಣಿಯಲು ನೋಡಿ, ಹೆಜ್ಜೆ ಏಳದೆ ನಿಂತುಬಿಟ್ಟ. ರಂಗದ ವ್ಯವಸ್ಥಾಪಕ, ಎತ್ತರದ ಸೌಮ್ಯ ಮನುಷ್ಯ, ನನ್ನನ್ನು ಪಕ್ಕಕ್ಕೆ ಕರೆದ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಮ್ಮೆ ಕೇಳುತ್ತೇನೆ, ವಾದ್ಯ ಹೀಗೇ ಇದ್ದರೆ ಸಂಜೆಯ ರಂಗಕ್ಕೆ ಬೇರೆ ತಂಡ ಹಾಕುತ್ತೇನೆ, ನೀವು ವೇಷ ತೊಟ್ಟು ಬೀದಿ ಮೆರವಣಿಗೆಯಲ್ಲಿ ನಡೆದರೆ ಸಾಕು ಎಂದ. ಅದನ್ನು ಕನ್ನಡದಲ್ಲಿ ಹೇಳುವಾಗ ನಾನು ವಾಸಣ್ಣನ ಮುಖ ನೋಡಲಿಲ್ಲ.

ಮುಂಬಯಿಯ ಮಳೆಗಾಲದಲ್ಲಿ ಅವರ ಚೆಂಡೆ ಇರುವುದು ಹೋಟೆಲಿನ ಭಟ್ಟಿಯ ಹಿಂಬದಿಯ ಓಣಿಯಲ್ಲಿ, ಕಟ್ಟಿಗೆ ಒಟ್ಟುವ ಜಾಗದಲ್ಲಿ, ಒಂದು ಕೊಕ್ಕೆಗೆ ತೂಗಿ. ಒಲೆಯ ಗೋಡೆಯ ಕಾವು ದಿನವಿಡೀ ಅದಕ್ಕೆ ತಾಗುತ್ತದೆ. ಇಲ್ಲಿ ನಾವಿಳಿದ ಗೆಸ್ಟ್‌ಹೌಸಿನಲ್ಲಿ ಗೋಡೆಗೆ ಬಿಸಿನೀರಿನ ಕೊಳವೆಗಳಿದ್ದವು, ಆದರೆ ಬೇಸಿಗೆಯೆಂದು ಅವನ್ನು ನಿಲ್ಲಿಸಿದ್ದರು. ದೇಜು ಎಲ್ಲಿಂದಲೋ ಇಸ್ತ್ರಿಪೆಟ್ಟಿಗೆ ತಂದ.

“ಇದು ಚರ್ಮವಾ ನಿನ್ನ ಶರ್ಟಾ? ಒಮ್ಮೆಲೇ ಬಿಸಿ ಕೊಟ್ಟರೆ ಬಿರಿಯುತ್ತದೆ. ಇಟ್ಟು ಬಾ ಅದನ್ನು,” ಎಂದು ವಾಸಣ್ಣ ಗದರಿದರು.

ಶುಕ್ರವಾರ ಬೆಳಿಗ್ಗೆ 7.40. ತಿಂಡಿಯ ಕೋಣೆ ತುಂಬಿತ್ತು. ಹಂಗೇರಿಯ ನರ್ತಕರು ಇಪ್ಪತ್ತಾರು ಮಂದಿ, ನಾವು ಒಂಬತ್ತು. ಬಡಿಸುವವಳು ಗೆಸ್ಟ್‌ಹೌಸಿನ ಯಜಮಾನಿ ರೋಸಾ ಒಬ್ಬಳೇ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ದೇಜು ಜೋಗೇಶ್ವರಿಯ ಹೋಟೆಲಿನಲ್ಲಿ ವೇಟರ್. ಗಿರಾಕಿಗಳು ಕಾಯುತ್ತಿದ್ದಾರೆ, ತಾನು ಕೂತಿದ್ದಾನೆ ಎಂಬುದನ್ನು ಅವನು ಹತ್ತು ನಿಮಿಷ ಮಾತ್ರ ಸಹಿಸಿದ. ಆಮೇಲೆ ಎದ್ದ. ಟವೆಲ್ಲು ಹೆಗಲಿಗೆ ಬಂತು. ಕಟ್ಟೆಯ ಮೇಲೆ ಸಿದ್ಧವಿದ್ದ ನಾಲ್ಕು ಕಪ್ಪು ಒಂದು ಕೈಗೆ, ಮೂರು ತಟ್ಟೆ ಇನ್ನೊಂದು ತೋಳಿಗೆ. ಬಡಿಸಿ ಬಂದವನೇ ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ತನ್ನ ಹೋಟೆಲಿನ ರಾಗದಲ್ಲೇ ಕೂಗಿದ:

“ಆರ್ ಕಾಫೀ! ಬ್ರೆಡ್ ಎರಡ್ ಪ್ಲೇಟ್, ಬೇಗಾ!”

ಹಂಗೇರಿಯವರು ಚಪ್ಪಾಳೆ ತಟ್ಟಿದರು. ರೋಸಾ ಮಾತ್ರ ಕೆಂಪಾಗಿ ಹೊರಗೆ ಬಂದು ನೇರ ನನ್ನ ಮುಂದೆ ನಿಂತಳು. ಅವನು ನನ್ನ ಅತಿಥಿ, ನನ್ನ ಕೆಲಸ ತಡವೆಂದು ಎಲ್ಲರ ಮುಂದೆ ತೋರಿಸಿದನೇ ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು. ನಾನು ವ್ಯಾಕರಣ ಬಿಟ್ಟು, ಸಿಕ್ಕ ಶಬ್ದ ಹಿಡಿದು ಹೇಳಿದೆ: ಅವನು ವೇಟರ್. ಹನ್ನೊಂದು ವರ್ಷ. ಕೂರಲು ಬರುವುದಿಲ್ಲ.

“ಎಂತ ಹೇಳ್ತಿದ್ದಾರೆ ಅಮ್ಮ? ಕಪ್ಪೇನೂ ಒಡೀಲಿಲ್ಲವಲ್ಲ?” ಎಂದ ದೇಜು.

“ನಿನ್ನ ಕೈ ಅವ್ರಿಗೆ ತೋರ್ಸಪಾ,” ಎಂದೆ.

ರೋಸಾ ಅವನ ಎಡ ಮುಂಗೈ ಹಿಡಿದು ನೋಡಿದಳು. ಬಿಸಿ ತಟ್ಟೆಗಳು ತಾಗಿ ತಾಗಿ ಅಲ್ಲಿ ಕಪ್ಪು ಗೆರೆ ಬಿದ್ದಿತ್ತು. ತನ್ನ ಅಂಗಿಯ ತೋಳು ಮೇಲೇರಿಸಿ ಅದೇ ಜಾಗ ತೋರಿಸಿದಳು. ಅಲ್ಲೂ ಗೆರೆ. ಮರುಕ್ಷಣ ಅಡುಗೆಮನೆಗೆ ಹೋಗಿ ಐದು ತಟ್ಟೆ ತಂದು ಅವನ ತೋಳಿಗೆ ಜೋಡಿಸಿ, ‘ಹೋಗು’ ಎಂಬಂತೆ ಗದ್ದ ಆಡಿಸಿದಳು. ಇಡೀ ಕೋಣೆಗೆ ಹದಿನಾಲ್ಕು ನಿಮಿಷದಲ್ಲಿ ತಿಂಡಿ ಮುಗಿಯಿತು.

ಆ ಗದ್ದಲದಲ್ಲಿ ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ವಾಸಣ್ಣ ಎದ್ದು ನಿಂತಿದ್ದರು. ಅಡುಗೆಮನೆಯ ಆಚೆ, ಅಂಗಳ ದಾಟಿ ಇನ್ನೊಂದು ಬಾಗಿಲು, ಅದರೊಳಗೆ ಇಟ್ಟಿಗೆಯ ಒಲೆ.

“ಗದಗಿನವ್ರೆ, ಅಲ್ಲಿ ಕಟ್ಟಿಗೆ ಒಲೆ ಉಂಟು,” ಎಂದರು. ಹಿಂದಿನ ಸಂಜೆಯಿಂದ ಅವರಾಡಿದ ಮೊದಲ ಮಾತು ಅದು.

ಅದು ರೋಸಾಳ ಗಂಡ ಹಾನ್ಸನ ಬೇಕರಿ. ನಸುಕಿಗೆ ಮುಂಚೆ ಒಲೆ ಹೊತ್ತಿಸಿ ಸುತ್ತಲಿನ ಅಂಗಡಿಗಳಿಗೆ ಬ್ರೆಡ್ ಕೊಡುವವನು, ಮಾತು ಕಡಿಮೆ. ನಾನು ಚೆಂಡೆಯ ಪಾಡು ಹೇಳಿದ ಮೇಲೆ ರೋಸಾ ನಮ್ಮನ್ನು ಕರೆದುಕೊಂಡು ಹೋಗಿ ಅವನಿಗೆ ವಿಷಯ ತಿಳಿಸಿದಳು. ಅವನು ಚೆಂಡೆಯನ್ನು ಮುಟ್ಟದೆ ಕೇಳಿದ, “ಯಾವುದರ ಚರ್ಮ?” ಹಸುವಿನದೆಂದು ಹೇಳಿದೆ. ಹಾನ್ಸ್ ಆಗದೆಂದು ತಲೆಯಾಡಿಸಿದ. ಹಿಟ್ಟಿರುವ ಕೋಣೆಗೆ ಚರ್ಮ ತರುವಂತಿಲ್ಲ, ತನ್ನ ಅಪ್ಪನೂ ಬಿಡುತ್ತಿರಲಿಲ್ಲ, ತಾನೂ ಬಿಡುವುದಿಲ್ಲ.

ನಾನು ವಾದಕ್ಕೆ ಶಬ್ದ ಹುಡುಕುತ್ತಿದ್ದೆ. ವಾಸಣ್ಣ ತಡೆದರು. “ಅವರು ಹೇಳುವುದು ಸರಿ ಮಾರಾಯ್ರೆ. ನಾನೂ ಹಿಟ್ಟಿನ ಹತ್ತಿರ ತರುವವನಲ್ಲ. ಗೋಡೆಯ ಹಿಂದೆ ಎಂತ ಉಂಟು, ಕೇಳಿ.”

ಕೇಳುವ ಮೊದಲೇ ಅವರು ಅಂಗಳಕ್ಕಿಳಿದು ಸುತ್ತಿ ಬಂದಿದ್ದರು. ಒಲೆಯ ಹಿಂದೆ ಕಟ್ಟಿಗೆ ಒಟ್ಟಿದ ಇಕ್ಕಟ್ಟಾದ ಕೊಟ್ಟಿಗೆ. ಗೋಡೆಗೆ ಅಂಗೈಯ ಹಿಂಬದಿ ಇಟ್ಟು, ಒಂದು ಮೊಳ ಸರಿಸಿ, ಮತ್ತೆ ಒಂದು ಗೇಣು ಕೆಳಗಿಟ್ಟು, “ಇಲ್ಲಿ,” ಎಂದರು. ಹಾನ್ಸ್ ತನ್ನ ಕೈ ಪಕ್ಕದಲ್ಲಿಟ್ಟು ನೋಡಿದ. ತಾನೂ ಒಲೆಯ ಹದ ನೋಡುವುದು ಕೈಯ ಆ ಬದಿಯಿಂದಲೇ ಎಂದ. ಒಳಗಿನಿಂದ ಒಂದು ಮುಕ್ಕಾಲಿ ಬಂತು.

ದಿನವೆಲ್ಲ ವಾಸಣ್ಣನೂ ನಾನೂ ಅಲ್ಲಿ ಕೂತೆವು. ವಾಸಣ್ಣ ಕಾಲು ಗಂಟೆಗೊಮ್ಮೆ ಚೆಂಡೆಯ ಮೈ ತಿರುಗಿಸುವರು, ನಾನು ಸಮಯವನ್ನೂ ನಾದವನ್ನೂ ಬರೆದುಕೊಳ್ಳುವೆ. 9.30ಕ್ಕೆ ದಬ್. ಹನ್ನೊಂದಕ್ಕೆ ದಂ.

“ಗಂಟೆಗೆ ಇಷ್ಟು ಏರಿದ್ರ ಎರಡಕ್ಕ ಮುಗೀತೈತ್ರಿ ವಾಸಣ್ಣ,” ಎಂದು ಲೆಕ್ಕ ಹಾಕಿ ಹೇಳಿದೆ.

“ನಿಮ್ಮ ಪುಸ್ತಕಕ್ಕೆ ಮುಗಿಯುತ್ತದೆ. ಚರ್ಮಕ್ಕೆ ಓದಲಿಕ್ಕೆ ಬರುವುದಿಲ್ಲ.”

ಹನ್ನೆರಡಕ್ಕೆ ಊರಿನ ಇಗರ್ಜಿಗಳೆಲ್ಲ ಒಟ್ಟಿಗೆ ಗಂಟೆ ಬಾರಿಸತೊಡಗಿದವು. ಕಿವಿಗೊಟ್ಟು ಕೂತಿದ್ದ ವಾಸಣ್ಣ ಕೋಲು ಕೆಳಗಿಟ್ಟರು. “ಮುಗಿಸಿ ಮಾರಾಯ್ರೆ, ನಮಗೂ ಸ್ವಲ್ಪ ಕೇಳ್ಬೇಕು,” ಎಂದು ಆಕಾಶಕ್ಕೆ ಹೇಳಿದರು. ನನ್ನ ಲೆಕ್ಕದ ಎರಡು ಗಂಟೆ ಬಂದು ಹೋಯಿತು. 4.15ಕ್ಕೆ ಕೋಲು ಬಿದ್ದಾಗ ‘ಠಣ್’ ಎಂದಿತು. ಅಂಗಳದಾಚೆಯ ಬಾಗಿಲಲ್ಲಿ ನಿಂತಿದ್ದ ದೇಜುವಿನ ಕಾಲು ತಾನಾಗಿ ಎದ್ದದ್ದು ಕಂಡಿತು.

ಶನಿವಾರ ಬೆಳಿಗ್ಗೆ ಮಳೆ ಇನ್ನೂ ಜೋರಾಗಿತ್ತು. ಸಭಾಂಗಣಕ್ಕೆ ಸೇತುವೆ ದಾಟಿ ನಡೆದರೆ ಇಪ್ಪತ್ತೆರಡು ನಿಮಿಷ. ಟ್ಯಾಕ್ಸಿಯಲ್ಲಿ ಹೋದರೂ ಒಳಗೆ ಅದೇ ಥಂಡಿ ಗಾಳಿ. “ಅಲ್ಲಿಗೆ ಮುಟ್ಟುವಾಗ ಮತ್ತೆ ದಬ್ ಅನ್ನುತ್ತದೆ,” ಎಂದರು ವಾಸಣ್ಣ, ಚೆಂಡೆಗೆ ಕಂಬಳಿ ಸುತ್ತುತ್ತಾ. ಅಂಗಳದಲ್ಲಿ ಹಾನ್ಸನ ಬ್ರೆಡ್ ವ್ಯಾನು ಅಂಗಡಿಗಳಿಗೆ ಹೊರಡಲು ತುಂಬಿ ನಿಂತಿತ್ತು. ಅವನು ನಮ್ಮನ್ನು ನೋಡಿದ, ವ್ಯಾನು ನೋಡಿದ. ಆಮೇಲೆ ಹಿಂಬಾಗಿಲು ತೆರೆದು ಬ್ರೆಡ್ಡಿನ ಹಲಗೆಗಳನ್ನು ಒಂದೊಂದಾಗಿ ಒಳಗೆ ಹೊತ್ತೊಯ್ಯತೊಡಗಿದ. ದೇಜು ಹೇಳಿಸಿಕೊಳ್ಳದೆ ಕೈಹಾಕಿದ. ಖಾಲಿಯಾದ ವ್ಯಾನಿಗೆ ಒಲೆಯ ಬಾಯಿಯ ಬಿಸಿ ಇಟ್ಟಿಗೆ ನಾಲ್ಕು ಬಂದವು, ಗೋಣಿಯಲ್ಲಿ ಸುತ್ತಿ. ಅವುಗಳ ನಡುವೆ ಚೆಂಡೆ, ಚೆಂಡೆಯ ಪಕ್ಕ ಮೊಣಕಾಲು ಮಡಚಿ ವಾಸಣ್ಣ.

“ಅಂಗಡಿಗಳವರು ಏನಂತಾರೆ?” ಎಂದು ನಾನು ಹಾನ್ಸನನ್ನು ಕೇಳಿದೆ.

“ಬೈಯುತ್ತಾರೆ,” ಎಂದು ಬಾಗಿಲು ಮುಚ್ಚಿದ.

ಒಂಬತ್ತಕ್ಕೆ ಚೆಂಡೆ ಬಾಯಿಬಿಟ್ಟಿತು. ಆ ನಾದ ಸಭಾಂಗಣದ ಹಿಂದಿನ ಗೋಡೆಗೆ ತಾಗಿ ತಿರುಗಿ ಬಂತು. ಮೂಲೆಯಲ್ಲಿ ನಿಂತಿದ್ದ ವ್ಯವಸ್ಥಾಪಕ ತನ್ನ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಗುರುತು ಹಾಕಿದ. ಸಂಜೆಯವರೆಗೆ ಎರಡು ಸಲ ಇಟ್ಟಿಗೆ ಬದಲಾಯಿಸಿದೆವು. ಆಟ 6.50ಕ್ಕೆ ಶುರುವಾಯಿತು. ನಮಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ದೇಜು ನೆಲ ಬಿಟ್ಟು ಹಾರಿದಾಗ ಮುಂದಿನ ಸಾಲಿನ ಒಬ್ಬ ಮುದುಕಿ ಪಕ್ಕದವಳ ತೋಳು ಹಿಡಿದುಕೊಂಡಳು. ಹದಿನೇಳನೆಯ ನಿಮಿಷಕ್ಕೆ ನಾದ ಕೊಂಚ ಇಳಿಯಿತು. ಭಾಗವತರು ಕಣ್ಣಂಚಿನಲ್ಲಿ ವಾಸಣ್ಣನನ್ನು ನೋಡಿ, ಕೊನೆಯ ಪದ್ಯ ಬಿಟ್ಟು ಮಂಗಳಕ್ಕೆ ಬಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೋಸಾ ಬಂದಿದ್ದಳು. ಹಾನ್ಸ್ ಇರಲಿಲ್ಲ. ಬೇಕರಿಯವನಿಗೆ ಏಳು ಗಂಟೆಯೆಂದರೆ ಮಲಗುವ ಹೊತ್ತು, ನಲವತ್ತು ವರ್ಷದಲ್ಲಿ ಒಂದು ನಾಟಕವನ್ನೂ ನೋಡಿಲ್ಲ ಎಂದಳು.

ಭಾನುವಾರ ಊರ ಹೊರಗಿನ ಬಿಷಪ್ಪರ ಬೇಸಿಗೆ ಅರಮನೆಗೆ ಹೋದೆವು. ಅಲ್ಲಿ ಕಲ್ಲಿನ ಊಟದ ಮೇಜಿನ ಸುತ್ತ ಕೂತ ಅತಿಥಿಗಳ ಆಸನದಿಂದ ನೀರು ಚಿಮ್ಮುತ್ತದೆ, ಯಜಮಾನರದ್ದು ಮಾತ್ರ ಒಣ. ಒದ್ದೆಯಾದ ಪಂಚೆ ಹಿಂಡುತ್ತಾ ಭಾಗವತರು, “ನಮ್ಮ ಹೋಟೆಲಿನಲ್ಲಿ ಹೀಗೆ ಮಾಡಿದರೆ ಮರುದಿನ ಬಾಗಿಲು ಹಾಕ್ಬೇಕು,” ಎಂದರು.

ಸೋಮವಾರ ಬೆಳಿಗ್ಗೆ 10.40ರ ರೈಲು. ಆ ದಿನ ಮೋಡವೇ ಇರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಪೆಟ್ಟಿಗೆಗಳನ್ನು ಎಣಿಸುತ್ತಿದ್ದಾಗ ರೋಸಾ ಬಂದಳು, ಹಿಂದೆ ಹಾನ್ಸ್, ಕೈಯಲ್ಲಿ ಬ್ರೆಡ್ಡಿನ ಚೀಲ. ವಾಸಣ್ಣ ಅವನನ್ನು ನೋಡಿದವರೇ ಚೆಂಡೆಯ ಗವಸು ಬಿಚ್ಚಿದರು.

“ವಾಸಣ್ಣ, ರೈಲಿಗೆ ಆರೇ ನಿಮಿಷ ಅದಾವ್ರಿ,” ಎಂದೆ.

“ಆರು ಸಾಕು. ಅವರು ಆಟದ ದಿನ ಕೇಳ್ಲಿಲ್ಲ.”

ಬಿಸಿಲಿಗೆ ಚರ್ಮ ತಾನಾಗಿ ಬಿಗಿದಿತ್ತು. ವೇಷವಿಲ್ಲ, ಹಾಡಿಲ್ಲ. ಶನಿವಾರ ಬಿಟ್ಟ ಪದ್ಯದ ಪೆಟ್ಟುಗಳನ್ನೂ ಸೇರಿಸಿ, ಒಬ್ಬ ಮನುಷ್ಯನಿಗಾಗಿ ಬಾರಿಸಿದರು. ಕಂಬಗಳ ನಡುವೆ ಪಾರಿವಾಳಗಳು ಎದ್ದವು. ಪಕ್ಕದ ಪ್ಲಾಟ್‌ಫಾರ್ಮಿನ ಜನ ತಿರುಗಿ ನಿಂತರು. ಹಾನ್ಸ್ ಚೀಲವನ್ನು ಎದೆಗೆ ಹಿಡಿದು ಅಲುಗಾಡದೆ ನಿಂತಿದ್ದ. ಮುಗಿದ ಮೇಲೆ ಮುಂದೆ ಬಂದು, ಅಂಗೈಯ ಹಿಂಬದಿಯನ್ನು ಚರ್ಮದ ಮೇಲಿಟ್ಟ. ಗಾರ್ಡ್ ಸೀಟಿ ಊದುವವರೆಗೂ ತೆಗೆಯಲಿಲ್ಲ.

ರೈಲು ನದಿಯ ಸೇತುವೆಗೆ ಬಂದಾಗ ಎಡಕ್ಕೆ ಇಡೀ ಊರು ಬಿಸಿಲಲ್ಲಿ ತೆರೆದುಕೊಂಡಿತು. ಕೋಟೆ, ಹಸಿರು ಗುಮ್ಮಟಗಳು, ಅವುಗಳ ಹಿಂದೆ ಐದು ದಿನ ಮಳೆಯಲ್ಲಿ ಅಡಗಿದ್ದ ಪರ್ವತಗಳು. “ವಾಸಣ್ಣ, ಬರ್ರಿ, ನೋಡ್ರಿ ಇಲ್ಲಿ,” ಎಂದು ಕೂಗಿದೆ.

“ನೀವು ನೋಡಿ ಬರ್ಕೊಳ್ಳಿ,” ಎಂದರು. ಅವರು ಬೋಗಿಯ ಬಾಗಿಲಲ್ಲೇ ನಿಂತು, ಹಿಂದೆ ಉಳಿದ ನಿಲ್ದಾಣದ ಕಡೆಗೇ ನೋಡುತ್ತಿದ್ದರು.